ಎರಡು ವರ್ಷದ ಮಗನೊಂದಿಗೆ ಬಂಡೀಪುರ: ಭಯ ಹುಲಿಯದ್ದಲ್ಲ

ಪ್ರಶ್ನೆ: ಡಾಕ್ಟರೇ, ನಾವು ಬೆಂಗಳೂರಿನವರು. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ನನ್ನ ಯಜಮಾನರ ಸ್ನೇಹಿತರ ಮೂರು ಸಂಸಾರಗಳು ಸೇರಿ ಡಿಸೆಂಬರ್ ರಜೆಯಲ್ಲಿ ಬಂಡೀಪುರಕ್ಕೆ ಹೋಗುವುದೆಂದು ಮಾತಾಗಿದೆ. ಬೆಳಗಿನ ಜಾವ ತೆರೆದ ಜೀಪಿನಲ್ಲಿ ಸಫಾರಿ, ಅಲ್ಲಿಂದ ಹಾಗೆಯೇ ಊಟಿ. ಮಗು ಕಾರಿನಲ್ಲಿ ಒಂದು ಗಂಟೆ ಕೂತರೆ ವಾಂತಿ ಮಾಡಿಕೊಳ್ಳುತ್ತಾನೆ. ಕಳೆದ ಮಳೆಗಾಲದಲ್ಲಿ ಎರಡು ಸಲ ಉಬ್ಬಸವಾಗಿ ನೆಬ್ಯುಲೈಸರ್ ಇಡಬೇಕಾಯಿತು. ಇನ್ನೂ ಎದೆಹಾಲು ಬಿಟ್ಟಿಲ್ಲ. ಹಾಲಿನ ವಾಸನೆಗೆ ಹುಲಿ ಬರುತ್ತದೆ, ಹಾಲು ಕುಡಿಯುವ ಕೂಸನ್ನು ಕಾಡಿಗೆ ಕರೆದೊಯ್ಯಬಾರದು ಎಂದು ಅತ್ತೆಯವರು ಹೇಳುತ್ತಿದ್ದಾರೆ. ಬನ್ನೇರುಘಟ್ಟದಲ್ಲಿ ಚಿರತೆ ಸಫಾರಿ ವಾಹನವನ್ನು ಹತ್ತಿ ಹುಡುಗನ ಕೈ ಪರಚಿದ ವಿಡಿಯೊ ನೋಡಿದ ಮೇಲೆ ನನಗೂ ಧೈರ್ಯ ಸಾಲುತ್ತಿಲ್ಲ. ಮಂಗನ ಕಾಯಿಲೆಯ ಭಯ ಬೇರೆ. ಹೋಗುವುದೇ ಬೇಡ ಎಂದರೆ ಎಲ್ಲರಿಗೂ ಬೇಸರ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹುಲಿ, ಚಿರತೆ, ಮಂಗನ ಕಾಯಿಲೆ ನಿಮ್ಮ ನಿದ್ದೆ ಕೆಡಿಸಿವೆ. ವಾಂತಿ, ಉಬ್ಬಸ, ಊಟಿಯ ದಾರಿ ಒಂದೊಂದು ಸಾಲಿನಲ್ಲಿ ಮುಗಿದುಹೋಗಿವೆ. ಮೈಸೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳನ್ನು ನೋಡುತ್ತಿರುವ ನನಗೆ ಈ ಕ್ರಮ ತಿರುಗುಮುರುಗಾಗಬೇಕು ಅನ್ನಿಸುತ್ತದೆ. ಬಂಡೀಪುರದಿಂದಲೋ ಕಬಿನಿಯಿಂದಲೋ ಹಿಂತಿರುಗುವಾಗ ನನ್ನ ಕ್ಲಿನಿಕ್ಕಿನ ಬಾಗಿಲು ತಟ್ಟಿದವರು ಬಹಳ ಜನ. ಆ ಮಕ್ಕಳಲ್ಲಿ ಕಾಡುಪ್ರಾಣಿ ಮುಟ್ಟಿದ್ದು ಎಂದರೆ ಕೋತಿ ಒಂದೇ. ಉಳಿದ ಮಕ್ಕಳು ಬಂದದ್ದು ವಾಂತಿಯಿಂದ ಬಸವಳಿದು, ಉಬ್ಬಸ ಕೆರಳಿ, ಇಲ್ಲವೇ ಜೀಪಿನ ಕಂಬಿಗೆ ಮುಖ ಬಡಿಸಿಕೊಂಡು.

ಮೊದಲು ಅತ್ತೆಯವರ ಮಾತನ್ನೇ ತೆಗೆದುಕೊಳ್ಳುತ್ತೇನೆ. ಅದು ಸುಮ್ಮನೆ ಹುಟ್ಟಿದ ಮಾತಲ್ಲ. ಕಾಡಂಚಿನ ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಕೂಸನ್ನು ಎತ್ತಿಕೊಂಡು ಹೊರಗೆ ಹೋಗಬೇಡ ಎನ್ನುವುದರಲ್ಲಿ, ಎಲ್ಲರೂ ಕಾಲ್ನಡಿಗೆಯಲ್ಲೇ ಓಡಾಡುತ್ತಿದ್ದ ಕಾಲದಲ್ಲಿ, ವಿವೇಕವಿತ್ತು. ಆದರೆ ಹಾಲಿನ ವಾಸನೆ ಹಿಡಿದು ಹುಲಿ ಬರುತ್ತದೆ ಎಂಬುದು ನಿಜವಲ್ಲ. ಹುಲಿ ಬೇಟೆಯಾಡುವುದು ಮುಖ್ಯವಾಗಿ ಕಣ್ಣು ಮತ್ತು ಕಿವಿಯ ಬಲದಿಂದ. ಮೂಗು ಅದಕ್ಕೆ ಹೆಚ್ಚಾಗಿ ಬೇಕಾಗುವುದು ಇನ್ನೊಂದು ಹುಲಿ ಮರದ ಬುಡಕ್ಕೆ ಸಿಡಿಸಿಹೋದ ಗುರುತನ್ನು ಓದಲು. ಅಳು ಕೇಳಿ ಹುಲಿ ಬರುತ್ತದೆ ಎಂದೂ ಕೆಲವರು ಹೆದರಿಸುತ್ತಾರೆ. ಗದ್ದಲವಾದರೆ ಕಾಡಿನ ಪ್ರಾಣಿ ಸಾಮಾನ್ಯವಾಗಿ ದೂರ ಸರಿಯುತ್ತದೆ. ಹಾಗಾಗಿ ಮಗನಿಗೆ ಹಸಿವಾದರೆ ವಾಹನದಲ್ಲೇ ಶಾಲು ಹೊದ್ದು ಹಾಲು ಕೊಡಿ. ರಚ್ಚೆ ಹಿಡಿದ ಮಗುವನ್ನು ಸಮಾಧಾನ ಮಾಡಲು ಅದಕ್ಕಿಂತ ಸುಲಭದ ದಾರಿ ನನಗೆ ತಿಳಿಯದು.

ಬನ್ನೇರುಘಟ್ಟದ ಘಟನೆ ನಡೆದದ್ದು 2025ರ ಆಗಸ್ಟ್‌ನಲ್ಲಿ. ಅದನ್ನು ಬಂಡೀಪುರದ ಜೊತೆ ಕೂಡಿಸಿ ನೋಡಬೇಡಿ. ಅಲ್ಲಿಯದು ಬೇಲಿ ಹಾಕಿದ ಆವರಣ. ಪ್ರಾಣಿಗಳಿಗೆ ಆಹಾರ ಕೊಡುವವರು ಮನುಷ್ಯರು, ವಾಹನಗಳು ದಿನವಿಡೀ ಪಕ್ಕದಲ್ಲೇ ಸುತ್ತುತ್ತವೆ. ಹಾಗೆ ಬೆಳೆದ ಚಿರತೆಗೆ ವಾಹನದ ಅಂಜಿಕೆ ಉಳಿದಿರುವುದಿಲ್ಲ. ಬಂಡೀಪುರದ ಹುಲಿ, ಚಿರತೆಗಳು ತಮ್ಮ ಪಾಡಿಗೆ ತಾವು ಬೇಟೆಯಾಡಿ ಬದುಕುವಂಥವು. ಜೀಪು ನಿಂತರೆ ಒಂದು ಕ್ಷಣ ನೋಡಿ ಪೊದೆಯೊಳಗೆ ಸರಿಯುವುದೇ ಹೆಚ್ಚು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಆ ದಾಳಿಗಳು ನಡೆದದ್ದು ಸಫಾರಿಗೆ ಹೋದವರ ಮೇಲಲ್ಲ, ಕಾಡಂಚಿನಲ್ಲಿ ಹೊಲ ಉಳುವ, ದನ ಮೇಯಿಸುವ ಬಡವರ ಮೇಲೆ. ನಾವು ರಜೆಗೆ ಹೋಗುವ ಊರಿನಲ್ಲಿ ನಿಜವಾದ ಅಪಾಯವನ್ನು ಹೊತ್ತು ಬದುಕುವವರು ಅವರು. ಅಂಥ ಸಂದರ್ಭದಲ್ಲಿ ಸಫಾರಿ ಮತ್ತೆ ನಿಲ್ಲಬಹುದು. ಆದ್ದರಿಂದ ಹೊರಡುವ ವಾರ ಒಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಸಫಾರಿ ವಾಹನದ ಹತ್ತಿರಕ್ಕೆ ಬರುವ ದೊಡ್ಡ ಪ್ರಾಣಿ ಎಂದರೆ ಆನೆ. ಮರಿಯಿರುವ ಹಿಂಡಿನ ಹೆಣ್ಣಾನೆ ಕಿವಿ ಅಗಲಿಸಿ, ತಲೆ ಎತ್ತಿ, ನಾಲ್ಕು ಹೆಜ್ಜೆ ಮುನ್ನುಗ್ಗಿ ನಿಂತುಬಿಡುವುದುಂಟು. ಬಹುಪಾಲು ಅದು ಹೆದರಿಸಿ ಕಳುಹಿಸುವ ಹುಸಿ ದಾಳಿ. ಚಾಲಕ ಗಾಡಿ ಹಿಂದಕ್ಕೆ ತೆಗೆಯುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಮಗುವಿನ ಬಗ್ಗೆ ಒಂದು ಮಾತು ಹೇಳಬೇಕು. ಕೆಲವು ವರ್ಷಗಳ ಹಿಂದೆ ಕಬಿನಿ ಹಿನ್ನೀರಿನ ಬಳಿ ನಾವಿದ್ದ ಜೀಪಿನ ಎದುರು ಹೀಗೊಂದು ಆನೆ ನಿಂತಿತು. ಮುಂದಿನ ಸೀಟಿನಲ್ಲಿದ್ದ ಮೂರು ವರ್ಷದ ಹುಡುಗಿ ಆನೆಯನ್ನು ನೋಡಲೇ ಇಲ್ಲ, ಮೊದಲು ತಿರುಗಿ ಅಮ್ಮನ ಮುಖ ನೋಡಿದಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣು ಮುಚ್ಚಿದ್ದರು. ಆಮೇಲೆ ಶುರುವಾದ ಅಳು ಗೇಟು ತಲುಪುವವರೆಗೂ ನಿಲ್ಲಲಿಲ್ಲ. ಹೊಸದೇನಾದರೂ ಎದುರಾದಾಗ ಹೆದರಬೇಕೋ ನಗಬೇಕೋ ಎಂಬುದನ್ನು ಈ ವಯಸ್ಸಿನ ಮಕ್ಕಳು ನಮ್ಮ ಮುಖದಿಂದಲೇ ತಿಳಿಯುತ್ತವೆ. ನಿಮಗೆ ಒಳಗೆ ನಡುಕವಿದ್ದರೂ ದನಿ ತಗ್ಗಿಸಿ, ‘ನೋಡು, ಆನೆ ಅಮ್ಮ ಪಾಪುವನ್ನು ನೋಡಿಕೊಳ್ಳುತ್ತಿದೆ’ ಎಂದು ಕಿವಿಯಲ್ಲಿ ಹೇಳಿ. ಅಷ್ಟರಿಂದ ಆಗುವ ವ್ಯತ್ಯಾಸ ದೊಡ್ಡದು. ಊರಿಗೆ ಬಂದ ಮೇಲೆ ಒಂದೆರಡು ರಾತ್ರಿ ಮಗು ಬೆಚ್ಚಿ ಎದ್ದರೆ ಗಾಬರಿಯಾಗಬೇಡಿ. ಅತ್ತೆಯವರು ದೃಷ್ಟಿ ತೆಗೆಯಲಿ, ನೀವು ಪಕ್ಕದಲ್ಲಿ ಮಲಗಿಸಿಕೊಳ್ಳಿ. ಜ್ವರವಿದ್ದರೆ ಮಾತ್ರ ದೃಷ್ಟಿಯ ಲೆಕ್ಕಕ್ಕೆ ಹಾಕಿ ಕಾಯಬೇಡಿ.

ಇನ್ನು ಕೋತಿ. ಟಿಕೆಟ್ ಕೌಂಟರ್, ವಾಹನ ನಿಲ್ದಾಣ, ಹೋಟೆಲಿನ ಅಂಗಳ, ಎಲ್ಲಿ ತಿಂಡಿ ಪೊಟ್ಟಣವಿದೆಯೋ ಅಲ್ಲಿ ಅವು ಇರುತ್ತವೆ. ಅವುಗಳ ಕಣ್ಣಿಗೂ ನಿಮ್ಮ ಮಗನ ಕೈಯಲ್ಲಿರುವ ಬಾಳೆಹಣ್ಣಿಗೂ ಎತ್ತರ ಸರಿಯಾಗಿ ಒಂದೇ. ಮಗು ಹಣ್ಣು ಬಿಡುವುದಿಲ್ಲ, ಕೋತಿಯೂ ಬಿಡುವುದಿಲ್ಲ. ಕಚ್ಚುವುದು ಆಗ. ಕಾರಿನ ಬಾಗಿಲು ಮುಚ್ಚಿಕೊಂಡೇ ತಿನ್ನಿಸಿ, ಹೊರಗೆ ಇಳಿದಾಗ ಮಗುವಿನ ಕೈಯಲ್ಲಿ ಬಿಸ್ಕತ್ತೂ ಬೇಡ. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ರೇಬೀಸ್ ಲಸಿಕೆ ಅದೇ ದಿನ ಶುರುವಾಗಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನು ಗಾಯದ ಸುತ್ತ ಕೊಡಬೇಕಾಗುತ್ತದೆ. ಹತ್ತಿರದ್ದು ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆ. ಹೆಚ್ಚಿನದು ಬೇಕಾದರೆ ಮೈಸೂರಿಗೆ ಬರಬೇಕು, ಹೆಂಗಸರು, ಮಕ್ಕಳಿಗೆಂದೇ ಇರುವ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಇಲ್ಲಿದೆ. ‘ಕಾಡಿನ ಕೋತಿ, ಬೀದಿನಾಯಿಯಲ್ಲವಲ್ಲ’ ಎಂದು ಎರಡು ದಿನ ಕಾದು ಬಂದ ಒಂದು ಕುಟುಂಬವನ್ನು ನಾನು ನೋಡಿದ್ದೇನೆ. ಮಗು ಚೆನ್ನಾಗಿಯೇ ಇದೆ, ಆದರೆ ಆ ಎರಡು ದಿನ ಯಾರೂ ಹಾಗೆ ಕಾಯಬಾರದಿತ್ತು.

ಮಂಗನ ಕಾಯಿಲೆಯ ಬಗ್ಗೆ ನಿಮಗಿರುವುದು ಬುಡವಿಲ್ಲದ ಭಯವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತ್ತು. ಆಗ ಅದು ತಗುಲಿದ್ದು ಸತ್ತ ಮಂಗಗಳ ಶವ ವಿಲೇವಾರಿಯಲ್ಲಿ ತೊಡಗಿದ್ದ ಅರಣ್ಯ ಸಿಬ್ಬಂದಿಗೆ. ಇದನ್ನು ಹರಡುವುದು ಉಣ್ಣೆ ಎಂಬ ರಕ್ತ ಹೀರುವ ಹುಳ, ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ಉಣ್ಣೆ ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ ಕಾದಿದ್ದು, ಒರೆಸಿಕೊಂಡು ಹೋದವರಿಗೆ ಹತ್ತಿಕೊಳ್ಳುತ್ತದೆ. ವಾಹನದಿಂದ ಇಳಿಯದ ಪ್ರವಾಸಿಗೆ ಅಪಾಯ ತೀರಾ ಕಡಿಮೆ. ಎಚ್ಚರ ಬೇಕಾದದ್ದು ತಂಗುವ ಜಾಗದಲ್ಲಿ, ಮಕ್ಕಳು ಚೆಂಡಿನ ಹಿಂದೆ ಓಡಿಹೋಗುವ ಬೇಲಿಯಂಚಿನ ಹುಲ್ಲಿನಲ್ಲಿ.

ಸಂಜೆ ಸ್ನಾನ ಮಾಡಿಸುವಾಗ ಮಗನ ಮೈಯನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ: ಕಿವಿಯ ಹಿಂದೆ, ಕೂದಲಿನ ಅಂಚು, ಕಂಕುಳು, ತೊಡೆಸಂದು, ಡಯಾಪರಿನ ಎಲಾಸ್ಟಿಕ್ ಕೂರುವ ಸೊಂಟದ ಸುತ್ತ. ಉಣ್ಣೆಯ ಮರಿ ಎಳ್ಳಿಗಿಂತ ಸಣ್ಣದು, ನೋಟಕ್ಕೆ ಮಚ್ಚೆಯ ಹಾಗಿರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಕಂಡರೆ ಚಿಮುಟದಿಂದ ಚರ್ಮಕ್ಕೆ ತಾಗಿದ ಕಡೆಯೇ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದು ಬೇಡ.

ಬಂದ ಮೇಲೆ ಮೂರು ವಾರದೊಳಗೆ ಜ್ವರ ಬಂದರೆ, ನಿಮ್ಮ ವೈದ್ಯರು ಕೇಳದಿದ್ದರೂ ‘ಕಾಡಿಗೆ ಹೋಗಿದ್ದೆವು’ ಎಂದು ನೀವೇ ಹೇಳಿ. ಮಂಗನ ಕಾಯಿಲೆಗಿಂತ ಹೆಚ್ಚಾಗಿ ನಾನು ಹುಡುಕುವುದು ಸ್ಕ್ರಬ್ ಟೈಫಸ್ ಎಂಬ ಇನ್ನೊಂದನ್ನು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇರುತ್ತದೆ. ನೋಯುವುದಿಲ್ಲ, ಕೆರೆಯುವುದಿಲ್ಲ, ಹಾಗಾಗಿ ಯಾರೂ ಗಮನಿಸಿರುವುದಿಲ್ಲ. ಐದು ದಿನದಿಂದ ಇಳಿಯದ ಜ್ವರದ ಒಂದು ಮಗುವಿನ ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ, ಡಯಾಪರ್ ಬಿಚ್ಚಿದಾಗ ತೊಡೆಸಂದಿಯಲ್ಲಿ ಕಡಲೆಬೇಳೆಯಷ್ಟು ಕಪ್ಪು ಕಲೆ ಕಂಡಿತು. ಡಾಕ್ಸಿಸೈಕ್ಲಿನ್ ಕೊಟ್ಟ ಎರಡನೆಯ ದಿನ ಜ್ವರ ಬಿಟ್ಟಿತು. ಬೇಗ ಗುರುತಿಸಿದರೆ ಇಷ್ಟು ಸುಲಭ, ತಡವಾದರೆ ಪ್ರಾಣಕ್ಕೆ ಕುತ್ತು.

ಈಗ ನನ್ನನ್ನು ನಿಜವಾಗಿ ಚಿಂತೆಗೀಡುಮಾಡಿದ ವಿಷಯಕ್ಕೆ ಬರುತ್ತೇನೆ: ರಸ್ತೆ. ಬೆಂಗಳೂರಿನಿಂದ ಬಂಡೀಪುರಕ್ಕೆ ಸುಮಾರು 220 ಕಿಲೋಮೀಟರ್. ಈ ಪ್ರವಾಸದಲ್ಲಿ ಮಗುವಿನ ಜೀವಕ್ಕೆ ಅತಿ ಹೆಚ್ಚು ಅಪಾಯವಿರುವುದು ಇಲ್ಲಿಯೇ, ಅದರಲ್ಲೂ ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತ ಮಗುವಿಗೆ. ಗಟ್ಟಿಯಾಗಿ ಹಿಡಿದಿದ್ದೇನೆ ಎನ್ನುವ ಕೈಗಳು ನೂರರ ವೇಗದಲ್ಲಿ ಬ್ರೇಕ್ ಬಿದ್ದಾಗ ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟು ಕಟ್ಟಿ, ಅದರೊಳಗೆ ಕೂರಿಸಿ. ಅಳುತ್ತಾನೆ ಎಂದು ಬಿಚ್ಚಬೇಡಿ. ಗಾಡಿ ನಿಲ್ಲಿಸಿ, ಎತ್ತಿ ಆಡಿಸಿ, ಮತ್ತೆ ಕೂರಿಸಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇರಲೇಬೇಕು ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ ಹೇಳುತ್ತದೆ.

ವಾಂತಿಗೆ ಕಾರಣ ಹೊಟ್ಟೆಯಲ್ಲ. ಒಳಗಿವಿ ‘ನಾವು ಚಲಿಸುತ್ತಿದ್ದೇವೆ’ ಎನ್ನುತ್ತದೆ, ಎದುರಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದಾಗ ಮಿದುಳು ಗೊಂದಲಕ್ಕೆ ಬಿದ್ದು ಓಕರಿಕೆ ತರುತ್ತದೆ. ಎರಡು ವರ್ಷದಿಂದ ಹನ್ನೆರಡರವರೆಗೆ ಇದು ಸಾಮಾನ್ಯ. ಆದ್ದರಿಂದ ಮೊಬೈಲ್ ಬೇಡ. ಕಿಟಕಿಯಾಚೆ ದೂರದ್ದು ಕಾಣುವಂತೆ ಕೂರಿಸಿ, ತುಸು ಗಾಳಿ ಬರಲಿ. ಬರಿಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟು ಹಾಲೂ ಬೇಡ. ಹೊರಡುವ ಒಂದು ಗಂಟೆ ಮೊದಲು ಒಂದು ಇಡ್ಲಿ ಸಾಕು. ವಾಂತಿಯಾದರೆ ಓಆರ್‌ಎಸ್ ನೀರನ್ನು ಚಮಚದಲ್ಲಿ, ಐದು ನಿಮಿಷಕ್ಕೊಮ್ಮೆ ಕೊಡಿ. ಲೋಟದಲ್ಲಿ ಕೊಟ್ಟರೆ ಮತ್ತೆ ಕಕ್ಕುತ್ತಾನೆ.

‘ದಾರಿಯುದ್ದಕ್ಕೂ ನಿದ್ದೆ ಬರುವ ಹಾಗೆ ಒಂದು ಸಿರಪ್ ಬರೆದುಕೊಡಿ’ ಎಂದು ಪ್ರತಿ ರಜೆಯಲ್ಲೂ ಯಾರಾದರೂ ಕೇಳುತ್ತಾರೆ. ನಾನು ಬರೆಯುವುದಿಲ್ಲ. ನೆಗಡಿ, ಕೆಮ್ಮಿನ ಸಿರಪ್ಪನ್ನು ನಿದ್ದೆಗಾಗಿ ಕೊಡುವುದು ತಪ್ಪು. ವಾಂತಿಗೆಂದು ಅಂಗಡಿಯಲ್ಲಿ ಕೊಡುವ ಪ್ರೊಮೆಥಝೈನ್ ಎರಡು ವರ್ಷದೊಳಗಿನವರ ಉಸಿರನ್ನೇ ತಗ್ಗಿಸಬಲ್ಲದು, ಅವರಿಗೆ ಕೊಡಲೇಬಾರದು. ನಿಮ್ಮ ಮಗ ಆ ಗಡಿಯನ್ನು ಈಗಷ್ಟೇ ದಾಟಿದ್ದಾನೆ, ಉಬ್ಬಸವೂ ಇದೆ. ಅವನನ್ನು ನೋಡಿರುವ ವೈದ್ಯರು ತೂಕ ನೋಡಿ ಬರೆದ ಔಷಧ ಮಾತ್ರ ಕೊಡಿ.

ಊಟಿಯನ್ನು ಈ ಸಲ ಬಿಟ್ಟುಬಿಡಿ. ಮಸಿನಗುಡಿಯ ಮೇಲೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಕಾರಿನಲ್ಲಿ ಒಂದು ಗಂಟೆಗೇ ವಾಂತಿ ಮಾಡುವ ಮಗುವಿಗೆ ಅದು ಶಿಕ್ಷೆ. ಬಂಡೀಪುರದೊಳಗಿನ ಹೆದ್ದಾರಿಯಲ್ಲೂ ಒಂದು ತೊಡಕಿದೆ: ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಅಲ್ಲಿ ಆನೆಯ ಹತ್ತಿರ ಫೋಟೊ ತೆಗೆದುಕೊಳ್ಳಲು ಹೋದವರೊಬ್ಬರು ಅದರ ಕಾಲಡಿಗೆ ಸಿಕ್ಕಿ ಬದುಕಿದ್ದೇ ಹೆಚ್ಚು. ವಾಂತಿಯಾಯಿತು, ಡಯಾಪರ್ ಒದ್ದೆಯಾಯಿತು ಎಂದು ರಸ್ತೆಬದಿಯಲ್ಲಿ ನಿಲ್ಲಿಸುವವರು ಈಗಲೂ ಇದ್ದಾರೆ. ಡಯಾಪರ್ ಬದಲಿಸುವುದು, ಬಟ್ಟೆ ಬದಲಿಸುವುದು ಎಲ್ಲವನ್ನೂ ಗುಂಡ್ಲುಪೇಟೆಯಲ್ಲೇ ಮುಗಿಸಿ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುತ್ತದೆ ಎಂಬುದನ್ನೂ ಲೆಕ್ಕಕ್ಕಿಡಿ, ತಡವಾಯಿತೆಂದು ಓಡಿಸುವ ಪರಿಸ್ಥಿತಿ ಬರಬಾರದು.

ತೆರೆದ ಜೀಪು ನಿಮ್ಮ ಮಗುವಿಗೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಡಿಸೆಂಬರ್ ಬೆಳಗಿನ ಗಾಳಿ ಮುಖಕ್ಕೆ ಹೊಡೆಯುತ್ತದೆ, ಮುಂದಿನ ಗಾಡಿ ಎಬ್ಬಿಸಿದ ಕೆಂಧೂಳು ನೇರ ಮೂಗಿಗೆ. ಉಬ್ಬಸದ ಮಗುವಿಗೆ ಚಳಿ, ಧೂಳು ಎರಡೂ ಒಟ್ಟಿಗೆ ಬೇಕೇ? ಜೀಪಿನ ಸುತ್ತು ಎರಡೂವರೆ, ಮೂರು ಗಂಟೆಯದ್ದೂ ಇರುತ್ತದೆ, ನಡುವೆ ಇಳಿಯುವ ಮಾತಿಲ್ಲ. ಮಕ್ಕಳ ಸೀಟು ಕಟ್ಟುವ ವ್ಯವಸ್ಥೆಯೂ ಇಲ್ಲ. ಹುಲಿ ಕಂಡಿದೆ ಎಂಬ ಸುದ್ದಿ ಸಿಕ್ಕರೆ ಚಾಲಕರು ಓಡಿಸುವ ವೇಗ ನಾನು ನೋಡಿದ್ದೇನೆ. ಸೀಟಿನ ಮೇಲೆ ನಿಂತಿದ್ದ ಮಗು, ಹಠಾತ್ತನೆ ಬ್ರೇಕ್, ಎದುರಿನ ಕಬ್ಬಿಣದ ಕಂಬಿ. ಗಲ್ಲದ ಅಡಿಯಲ್ಲಿ ಮೂರು ಹೊಲಿಗೆ ಹಾಕಿದ್ದು ನಾನೇ.

ಹಾಗಾದರೆ ಏನು ಮಾಡಬಹುದು? ಪ್ರವಾಸವನ್ನೇ ಬಿಡಬೇಕಾಗಿಲ್ಲ. ಅರಣ್ಯ ಇಲಾಖೆಯ ಬಸ್ ಸಫಾರಿಯಿದೆ. ಕಿಟಕಿಗೆ ಜಾಲರಿ, ಎತ್ತರದ ಸೀಟು, ಸುತ್ತೂ ಚಿಕ್ಕದು. ಮಧ್ಯಾಹ್ನದ ಹೊತ್ತಿನದನ್ನು ಆರಿಸಿ, ಮಗ ಒಂದು ನಿದ್ದೆ ಮುಗಿಸಿ, ಹೊಟ್ಟೆ ತುಂಬಿಸಿಕೊಂಡು ಎದ್ದಿರುತ್ತಾನೆ. ಬಸ್ಸಿನಲ್ಲಿ ಹುಲಿ ಕಾಣುವ ಅವಕಾಶ ಕಡಿಮೆ ಎಂದು ಸ್ನೇಹಿತರು ಹೇಳಬಹುದು, ಅದರಲ್ಲಿ ಸತ್ಯವಿದೆ. ಆದರೆ ಲಂಟಾನ ಪೊದೆಯ ಹಿಂದೆ ಎಂಬತ್ತು ಅಡಿ ದೂರದಲ್ಲಿ ಮಲಗಿದ ಹುಲಿಯ ಬೆನ್ನು ಎರಡು ವರ್ಷದವನ ಕಣ್ಣಿಗೆ ಬೀಳುವುದೂ ಕಷ್ಟ. ದಾರಿ ಬದಿಯಲ್ಲಿ ಬಾಲ ಅಲ್ಲಾಡಿಸುವ ಜಿಂಕೆ, ಕೊಂಬೆಯಿಂದ ಇಳಿಬಿದ್ದ ಮುಸುವನ ಉದ್ದ ಬಾಲ, ನವಿಲು ಅವನಿಗೆ ಸಾಕು. ಬೇಕಿದ್ದರೆ ನಿಮ್ಮ ಯಜಮಾನರು ಬೆಳಗಿನ ಜೀಪಿನಲ್ಲಿ ಸ್ನೇಹಿತರೊಡನೆ ಹೋಗಿಬರಲಿ, ನೀವು ಇನ್ನೊಂದು ದಿನ ಹೋಗಿ.

ಹೊರಡುವ ಮೊದಲು ವೈದ್ಯರಿಂದ ಉಬ್ಬಸದ ಇನ್‌ಹೇಲರ್, ಅದಕ್ಕೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಮತ್ತು ಪುಟ್ಟ ಮಾಸ್ಕ್ ಬರೆಸಿಕೊಂಡು, ಹಿಡಿಯುವ ರೀತಿಯನ್ನು ಅವರ ಎದುರೇ ಕಲಿಯಿರಿ. ಸರಿಯಾಗಿ ಬಳಸಿದರೆ ಅದು ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ, ಕರೆಂಟೂ ಬೇಡ. ಅದನ್ನು ದೊಡ್ಡ ಪೆಟ್ಟಿಗೆಯ ತಳದಲ್ಲಿ ಇಡಬೇಡಿ, ನಿಮ್ಮ ಕೈಚೀಲದಲ್ಲೇ ಇರಲಿ. ಹೊರಡುವ ವಾರ ನೆಗಡಿ, ಕೆಮ್ಮು ಶುರುವಾಗಿದ್ದರೆ ಯಾರಿಗೆ ಎಷ್ಟೇ ಬೇಸರವಾದರೂ ಹೋಗಬೇಡಿ. ಈ ಒಂದರಲ್ಲಿ ರಾಜಿ ಬೇಡ.

ಇನ್ನೊಂದು ದಾರಿಯೂ ಇದೆ, ನನ್ನ ಮನಸ್ಸು ಅದರ ಕಡೆಗೇ ವಾಲುತ್ತದೆ. ಮೊದಲ ದಿನ ಮೈಸೂರಿನಲ್ಲಿ ಉಳಿಯಿರಿ. ದಾರಿಯಲ್ಲೇ ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟು ಸಿಗುತ್ತದೆ. ದೋಣಿಯಲ್ಲಿ ಸಣ್ಣ ಸುತ್ತು, ಬಂಡೆಯ ಮೇಲೆ ಬಾಯ್ದೆರೆದು ಬಿದ್ದ ಮೊಸಳೆ, ಮರದ ತುಂಬ ಹಕ್ಕಿ. ಲೈಫ್ ಜಾಕೆಟ್ ಮಗುವಿನ ಅಳತೆಯದ್ದೇ ಇದೆಯೇ ನೋಡಿ, ಇಲ್ಲದಿದ್ದರೆ ದೋಣಿ ಹತ್ತಬೇಡಿ, ದಡದ ದಾರಿಯಲ್ಲೇ ನಡೆದಾಡಿಸಿ. ಅಷ್ಟು ದೂರದ ಪ್ರಯಾಣವನ್ನು ಅವನು ಹೇಗೆ ತಡೆದುಕೊಂಡ ಎಂದು ರಾತ್ರಿ ನೋಡಿಕೊಳ್ಳಿ. ಗೆಲುವಾಗಿದ್ದರೆ ಮರುದಿನ ತಿಂಡಿ ಮುಗಿಸಿ ಹೊರಡಿ, ಮೈಸೂರಿನಿಂದ ಬಂಡೀಪುರಕ್ಕೆ ಉಳಿಯುವುದು 80 ಕಿಲೋಮೀಟರ್ ಅಷ್ಟೆ. ಬಸವಳಿದಿದ್ದರೆ ಮೈಸೂರಿನ ಮೃಗಾಲಯಕ್ಕೆ ಹೋಗಿ, ಮಂಗಳವಾರ ಮಾತ್ರ ಅಲ್ಲಿ ರಜೆ. 

ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಮಗುವನ್ನು ಬದಲಿಸಿ ಹಿಡಿಯಲು ಇನ್ನೆರಡು ಕೈ ಬೇಕೇಬೇಕು. ಕಿಟಕಿಯ ಪಕ್ಕದ ಸೀಟನ್ನು ಅವರಿಗೇ ಕೊಡಿ, ಮೊಮ್ಮಗ ಅವರ ತೊಡೆಯ ಮೇಲಿರಲಿ.